ಶೈಲಾ ಬರೆದಳೆಂಬ ಮೂಗರ್ಜಿ

“ಕೊಚ್ಚಿಯಲ್ಲಿ ಕನ್ನಡದ ಇಬ್ಬರು ಹುಡುಗಿಯರಿದ್ದರು. ಒಂದೇ ಕಾಲೊನಿ, ಒಂದೇ ಶಾಲೆ, ಒಂದೇ ಕೋಚಿಂಗ್. ಒಬ್ಬಳಿಗೆ ಮೆಡಿಕಲ್ ಸೀಟು ಸಿಕ್ಕಿತು, ಇನ್ನೊಬ್ಬಳಿಗೆ ಸಿಗಲಿಲ್ಲ. ಸಿಗದವಳು ಹೊಟ್ಟೆಕಿಚ್ಚು ತಡೆಯಲಾರದೆ ಸಿಕ್ಕವಳ ಮೇಲೆ ಮೂಗರ್ಜಿ ಬರೆದಳು. ದೇವರು ದೊಡ್ಡವನು, ಸೀಟು ಉಳಿಯಿತು. ಅದಕ್ಕೇ ಹೇಳುವುದು, ನಮ್ಮ ಮಕ್ಕಳ ಅರ್ಜಿಯನ್ನು ಬೇರೆಯವರ ಮಕ್ಕಳ ಕೈಯಲ್ಲಿ ತುಂಬಿಸಬಾರದು.”

ಆಲುವದಲ್ಲಿ ಒಂದು ನಾಮಕರಣದ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯವರು ಈ ಕಥೆಯನ್ನು ನನಗೆ ಹೇಳಿದರು. ಅವರು ಮಂಗಳೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ತಂದೆಯಾದವನು ಎಚ್ಚರಿಕೆಯ ಮಾತುಗಳನ್ನು ಕೂಡಿಡುವ ಕಾಲ. ಕಥೆ ಮುಗಿಯುವಾಗ ಅವರ ದನಿ ತಗ್ಗಿತು.

“ಅರ್ಜಿ ಕೆಂಪು ಇಂಕಿನಲ್ಲಿ ಬರೆದದ್ದಂತೆ ಮಾರಾಯ್ರೆ.”

“ನೀವು ನೋಡಿದ್ದೀರಾ?”

“ನಾನೆಲ್ಲಿಂದ ನೋಡುವುದು? ಇಲ್ಲಿ ಎಲ್ಲರಿಗೂ ಗೊತ್ತುಂಟಲ್ಲ.”

ಕೆಂಪು ಶಾಯಿ ನನಗೆ ಹೊಸದು. ಹಿಂದಿನ ಸಲ ಕೇಳಿದಾಗ ಈ ಕಥೆಗೆ ಬಣ್ಣವಿರಲಿಲ್ಲ. ಪಾಯಸ ಬರುವವರೆಗೆ ನಾನು ಸುಮ್ಮನಿದ್ದೆ. ಪಾಯಸ ಬಂದ ಮೇಲೂ ಸುಮ್ಮನಿದ್ದೆ. ಸೀಟು ಸಿಕ್ಕವಳು ನನ್ನ ಮಗಳು ವಾಣಿ. ಸಿಗದವಳು ಅವಳ ಗೆಳತಿ ಶೈಲಾ. ಕಥೆಯನ್ನು ಮೊತ್ತಮೊದಲು ಹೇಳಿದವನು ನಾನು. ಅದು ಸುಳ್ಳೆಂದು ಈಗ ಬಲ್ಲವನೂ ನಾನೇ. ಆದರೂ ಪಾಯಸ ಕುಡಿದು, ಎಲೆ ಮಡಚಿ, ಕೈ ತೊಳೆಯಲು ಎದ್ದುಹೋದೆ. ಆ ಮೌನದ ಸಂಕಟಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಸ್ವಭಾವವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬದಿರುವುದು ನನ್ನ ಹಳೆಯ ಕಾಯಿಲೆ. ನಂಜನಗೂಡಿನ ಹತ್ತಿರದ ನಮ್ಮ ಊರಿನಲ್ಲಿ ತಳವಿಲ್ಲದ ಬಾವಿ ಎಂದು ಹೆಸರಾದ ಒಂದು ಬಾವಿಯಿತ್ತು. ಹತ್ತು ವರ್ಷದವನಿದ್ದಾಗ ನಾನು ಮನೆಯ ಸೇದುವ ಹಗ್ಗಕ್ಕೆ ಅಜ್ಜಿಯ ಗುಂಡುಕಲ್ಲನ್ನು ಕಟ್ಟಿ ಅದರೊಳಗೆ ಇಳಿಬಿಟ್ಟೆ. ಎಂಟು ಮಾರಿಗೆ ತಳ ಸಿಕ್ಕಿತು. ಕಲ್ಲು ಕಳಚಿಕೊಂಡು ಅಲ್ಲೇ ಉಳಿಯಿತು. ಅಜ್ಜಿ ಬೆನ್ನಿಗೆ ಎರಡು ಬಿಟ್ಟು, “ತಳ ಇಲ್ಲ ಅಂದ್ಮೇಲೆ ಇಲ್ಲ ಕಣೋ. ನಿನ್ ಕಲ್ಲು ಕೇಳ್ಕೊಂಡು ಬಾವಿ ತೋಡುದ್ರಾ?” ಎಂದಳು. ಅಂದಿನಿಂದ ನನಗೆ ಎರಡು ವಿಷಯಗಳು ಖಚಿತವಾದವು: ಎಲ್ಲ ಬಾವಿಗಳಿಗೂ ತಳವಿದೆ, ಅದನ್ನು ಹೇಳಿದವನಿಗೆ ಊಟ ತಡವಾಗುತ್ತದೆ.

ಹತ್ತನೆಯ ತರಗತಿಗೆ ನನ್ನ ಓದು ನಿಂತಿತು. ಉಳಿದದ್ದನ್ನು ನಾನೇ ಕಲಿತೆ: ಇಂಗ್ಲಿಷನ್ನು ನಿಘಂಟಿನಿಂದ, ಮಲಯಾಳದ ಅಕ್ಷರಗಳನ್ನು ಬಸ್ಸಿನ ಹಲಗೆಗಳಿಂದ, ವೈದ್ಯವನ್ನು ಎರ್ನಾಕುಳಂನ ಪಾದಚಾರಿ ದಾರಿಯಲ್ಲಿ ಕೊಂಡ ಹಳೆಯ ಪುಸ್ತಕಗಳಿಂದ. ಹೆಂಡತಿ ಸರೋಜಳ ಪ್ರತಿಯೊಂದು ತಲೆನೋವಿಗೂ ನಾನು ಒಂದು ಲ್ಯಾಟಿನ್ ಹೆಸರು ಕೊಡುತ್ತಿದ್ದೆ. “ಮಗಳು ಡಾಕ್ಟರಾಗಿದ್ದು ನಮ್ಮನ್ನ ನಿಮ್ಮಿಂದ ಉಳ್ಸೋಕೆ” ಎಂದು ಅವಳು ಬಂದವರೆದುರೆಲ್ಲ ನನಗೆ ಹೇಳುತ್ತಿದ್ದಳು. ಕಳಮಶ್ಶೇರಿಯಲ್ಲಿ ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಚೀಟಿಯಿಲ್ಲದೆ ಒಂದು ಮೊಳೆಯನ್ನೂ ಯಾರಿಗೂ ಕೊಟ್ಟವನಲ್ಲ. ‘ಕಾಗದ ತೋರಿಸಿ’ ಎಂಬುದು ನನ್ನ ಅಡ್ಡಹೆಸರಾಗಿತ್ತು.

ಅದೇ ಕಚೇರಿಯಲ್ಲಿ ಬಸವರಾಜ ಅಂಗಡಿಯವರು ಹೆಡ್ ಕ್ಲರ್ಕ್. ಗದಗಿನ ಕಡೆಯವರು. ಕ್ವಾರ್ಟರ್ಸಿನಲ್ಲಿ ನಮ್ಮದು ಕೆಳಗಿನ ಮನೆ, ಅವರದು ಮೇಲಿನದು. ಶೈಲಾ ಅವರ ಒಬ್ಬಳೇ ಮಗಳು. ಅವಳೂ ನಮ್ಮ ವಾಣಿಯೂ ಮೂರನೆಯ ತರಗತಿಯಿಂದ ಒಂದೇ ಬೆಂಚು. ತಮ್ಮತಮ್ಮಲ್ಲಿ ಅವರು ಮಾತಾಡುತ್ತಿದ್ದದ್ದು ಮಲಯಾಳ. ಗುಟ್ಟಿಗೆ ಮಾತ್ರ ಕನ್ನಡ. ಆಲುವದ ಕೋಚಿಂಗಿನಲ್ಲಿ ನೂರು ಮಕ್ಕಳ ನಡುವೆ ಕುಳಿತು, ಮೇಷ್ಟರ ಮೀಸೆಯ ಬಗ್ಗೆ ಗಟ್ಟಿಯಾಗಿಯೇ ಕನ್ನಡದಲ್ಲಿ ಹೇಳಿಕೊಂಡು ನಗುತ್ತಿದ್ದರಂತೆ. ನಮ್ಮ ಭಾಷೆಗೆ ಈ ಊರಿನಲ್ಲಿ ಅಷ್ಟಾದರೂ ಉಪಯೋಗವಿತ್ತು.

ಶೈಲಾಳ ಅಕ್ಷರ ಅಚ್ಚಿನಂತಿತ್ತು. ಕಾಲೊನಿಯಲ್ಲಿ ಯಾವ ಮನೆಯ ಮಗುವಿನ ಯಾವ ಅರ್ಜಿಯಿದ್ದರೂ ಅದು ಮೇಲಿನ ಮನೆಯ ಊಟದ ಮೇಜಿಗೆ ಹೋಗುತ್ತಿತ್ತು. ಆ ಕಾಲದ ಅರ್ಜಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ. ಒಂದು ಚೌಕ ತಪ್ಪಿದರೆ ಮಗುವಿನ ಭವಿಷ್ಯವೇ ಕೈಬಿಟ್ಟಂತೆ ತಾಯಂದಿರು ನಡುಗುತ್ತಿದ್ದರು. ಶೈಲಾ ಉಸಿರು ಬಿಗಿಹಿಡಿದು ತುಂಬುವಳು. ವೈದ್ಯಕೀಯ ಪ್ರವೇಶಕ್ಕೆ ವಾಣಿಯ ಅರ್ಜಿಯನ್ನು ತುಂಬಿದವಳೂ ಅವಳೇ. ತನ್ನದನ್ನು ಅದರ ನಂತರ ತುಂಬಿದಳು.

ಈ ಅರ್ಜಿಯಲ್ಲಿ ನಮ್ಮಂಥವರಿಗೆ ಒಂದು ತೊಡಕಿತ್ತು. ಕೇರಳದ ಮೂಲದವರಲ್ಲದ ಮಕ್ಕಳು ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಇಲ್ಲಿಯೇ ಓದಿದವರೆಂದು ಶಾಲೆಯ ಪ್ರಮಾಣಪತ್ರ ಬೇಕು. ವಾಣಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಸರೋಜಳಿಗೆ ದೊಡ್ಡ ಆಪರೇಷನ್ ಆಯಿತು. ಮಗಳನ್ನು ಐದು ತಿಂಗಳು ಮೈಸೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿ ಬಿಟ್ಟಿದ್ದೆವು. ಹೆಸರು ಇಲ್ಲಿನ ಶಾಲೆಯಲ್ಲೇ ಇತ್ತು. ಪರೀಕ್ಷೆಯನ್ನೂ ಇಲ್ಲಿಯೇ ಬರೆದಳು. ಆ ಐದು ತಿಂಗಳು ಪ್ರತಿವಾರ ಪಾಠದ ಟಿಪ್ಪಣಿಗಳನ್ನು ಪ್ರತಿ ಮಾಡಿ ಅಂಚೆಯಲ್ಲಿ ಕಳಿಸಿದವಳು ಶೈಲಾ. ಇದರಲ್ಲಿ ಮೋಸವೇನೂ ಇರಲಿಲ್ಲ, ಹೇಳಿಕೊಂಡು ತಿರುಗುವಂಥದ್ದೂ ಆಗಿರಲಿಲ್ಲ. ಕೊಚ್ಚಿಯಲ್ಲಿ ಅದು ಗೊತ್ತಿದ್ದದ್ದು ಎರಡೇ ಮನೆಗೆ.

ಫಲಿತಾಂಶ ಬಂತು. ವಾಣಿಗೆ ತಿರುವನಂತಪುರದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಶೈಲಾಳ ಸ್ಥಾನ ಬಹಳ ಕೆಳಗಿತ್ತು.

ಗೆದ್ದವರ ಮನೆಯಲ್ಲಿ ಅಸೂಯೆಗಾಗಿ ಕಾಯುವ ಒಂದು ಪದ್ಧತಿಯಿದೆ. ನೀವು ಗಮನಿಸಿದ್ದೀರೋ ಇಲ್ಲವೋ. ಯಾರಾದರೂ ಅಸೂಯೆಪಡದಿದ್ದರೆ ಗೆದ್ದದ್ದು ಪೂರ್ತಿಯಾದಂತೆ ಅನಿಸುವುದಿಲ್ಲ. ಶೈಲಾ ಮೂರು ದಿನ ಕೆಳಗಿಳಿಯಲಿಲ್ಲ. ನಾವು ಆ ಮೂರು ದಿನಗಳನ್ನು ಎಣಿಸಿದೆವು. ನಾಲ್ಕನೆಯ ದಿನ ಅವಳು ತಾಯಿ ಮಾಡಿದ ಸಿಹಿ ಮಾದಲಿಯ ಡಬ್ಬಿ ಹಿಡಿದು ಬಂದು, ಬಾಗಿಲಲ್ಲಿ ನಿಂತು, “ಡಾಕ್ಟರ್ ಬಾಯಾರ, ನಮ್ಮಂಥಾ ಬಡವರನ್ನ ಮರೀಬ್ಯಾಡ್ರಿ” ಎಂದಳು. ವಾಣಿ ನಕ್ಕಳು. ಶೈಲಾಳೂ ನಕ್ಕಳು, ಕಣ್ಣು ನಗಲಿಲ್ಲ. ಅವಳು ಹೋದ ಮೇಲೆ ಸರೋಜ ಉಪ್ಪು, ಮೆಣಸಿನಕಾಯಿ ತಂದು ಮಗಳಿಗೆ ದೃಷ್ಟಿ ತೆಗೆದಳು. ಇಂಥದ್ದನ್ನೆಲ್ಲ ಗೇಲಿ ಮಾಡುತ್ತಿದ್ದ ನಾನು, ಘಾಟು ಬರಲಿಲ್ಲವೆಂದು ಎರಡನೆಯ ಸಲ ತೆಗೆಸಿದೆ.

ಆಮೇಲೆ ನಾವು ಅಸೂಯೆಯನ್ನು ನಿಭಾಯಿಸತೊಡಗಿದೆವು. ಶೈಲಾ ಬಂದಾಗ ಹೊಸ ಬಿಳಿ ಕೋಟನ್ನು ಬೀರುವಿನೊಳಗೆ ಇಡುವುದು, ಕಾಲೇಜಿನ ಮಾತು ನಿಲ್ಲಿಸಿ ಹವಾಮಾನದ ಮಾತು ಎತ್ತುವುದು, ಅವಳ ತಟ್ಟೆಗೆ ಒಂದು ಚಕ್ಕುಲಿ ಹೆಚ್ಚು ಹಾಕುವುದು. ಇದನ್ನು ಸೌಜನ್ಯವೆಂದು ತಿಳಿದಿದ್ದೆವು. ಹದಿನೆಂಟು ವರ್ಷದ ಹುಡುಗಿಗೆ, ತಾನು ಒಳಗೆ ಬಂದ ಕೂಡಲೇ ಒಂದು ಮನೆಯ ಬೀರುವಿನ ಬಾಗಿಲು ಮುಚ್ಚುವ ಸದ್ದು ಹೇಗೆ ಕೇಳಿಸಿರಬಹುದೆಂದು ಯಾರೂ ಯೋಚಿಸಲಿಲ್ಲ.

ತರಗತಿಗಳು ಶುರುವಾಗಿ ಎರಡು ತಿಂಗಳಾಗಿತ್ತು. ಪ್ರವೇಶಾತಿಯ ಕಚೇರಿಯಿಂದ ವಾಣಿಯ ಹೆಸರಿಗೆ ಒಂದು ಪತ್ರ ಬಂತು: ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ವ್ಯಾಸಂಗದ ಮೂಲದಾಖಲೆಗಳೊಂದಿಗೆ ಹಾಜರಾಗಬೇಕು. ಮುದ್ರಿತ ನಮೂನೆ, ಮೂರೇ ಸಾಲು. ನಾನು ರಾತ್ರಿಯ ಗಾಡಿ ಹಿಡಿದು ತಿರುವನಂತಪುರಕ್ಕೆ ಹೋದೆ. ಕಚೇರಿಯ ಎದುರಿನ ಅಂಗಡಿಯಲ್ಲಿ ದಾಖಲೆಗಳ ಪ್ರತಿ ತೆಗೆಸುವಾಗ, ಯಂತ್ರದವನು ಪತ್ರವನ್ನು ತಿರುಗಿಸಿ ನೋಡಿ, “ಆರೋ ಪರಾದಿ ಕೊಡುತ್ತಿಟ್ಟುಂಡ್, ಸಾರೇ” ಎಂದ. ಯಾರೋ ದೂರು ಕೊಟ್ಟಿದ್ದಾರೆ ಎಂದು.

ನಲವತ್ತು ವರ್ಷ ಕಾಗದವಿಲ್ಲದೆ ಏನನ್ನೂ ನಂಬದವನು, ಆ ಕಾಗದದ ಪ್ರತಿ ತೆಗೆಯುವವನ ಬಾಯಿಮಾತನ್ನು ನಿಂತಲ್ಲೇ ನಂಬಿದೆ.

ಒಳಗೆ ವಿಚಾರಣೆ ಐದು ನಿಮಿಷ ಹಿಡಿಯಿತು. ಸರೋಜಳ ಆಸ್ಪತ್ರೆಯ ಚೀಟಿಗಳನ್ನೂ ಸೇರಿಸಿ ನಾನು ಒಂದು ಕಟ್ಟು ಒಯ್ದಿದ್ದೆ. ಅಧಿಕಾರಿ ಶಾಲೆಯ ಪ್ರಮಾಣಪತ್ರವೊಂದನ್ನೇ ನೋಡಿ, ಟಿಕ್ ಹಾಕಿ, ಮುಂದಿನವರನ್ನು ಕರೆದರು. ಮುಂದಿನವರು ಯಾರೆಂದು ನಾನು ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಈ ಪ್ರಬಂಧದ ಅಗತ್ಯವಿರುತ್ತಿರಲಿಲ್ಲ. ಗಾಡಿಗೆ ಹೊತ್ತಿತ್ತು; ಚಾಲೈ ಪೇಟೆಯಲ್ಲಿ ಬಾಳೆಹಣ್ಣಿನ ದರ ಕೇಳುತ್ತ, ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕುತ್ತ ನಡೆದೆ: ಒಂಬತ್ತನೆಯ ತರಗತಿಯ ವಿಷಯ ಇನ್ನು ಯಾರಿಗೆ ಗೊತ್ತಿತ್ತು?

ಮರುದಿನ ಸಂಜೆ ಮೇಲಿನ ಮನೆಗೆ ಹೋದೆ. ಅಂಗಡಿಯವರು ಬನಿಯನ್ನಿನಲ್ಲಿ ಕುಳಿತು ಪೇಪರ್ ಓದುತ್ತಿದ್ದರು.

“ಬರ್ರಿ, ಬರ್ರಿ. ಚಹಾ ತೊಗೋತೀರೇನು?”

“ಚಹಾ ಬೇಡ. ನಿಮ್ಮ ಮಗಳು ನಮ್ಮ ಮಗಳ ಮೇಲೆ ಅರ್ಜಿ ಹಾಕಿದಾಳೆ.”

ಅವರು ಪೇಪರನ್ನು ನಿಧಾನವಾಗಿ ಮಡಚಿದರು. “ಯಾರು ಹೇಳಿದ್ರು?”

“ಯಾರಾದರೇನು? ಆ ವಿಷಯ ನಿಮ್ಮ ಮನೆಗಲ್ಲದೆ ಬೇರೆ ಯಾರಿಗೂ ಗೊತ್ತಿಲ್ಲ.”

“ಕಾಗದ ಐತೇನ್ರಿ ನಿಮ್ಮ ಕಡೆ?”

ಇರಲಿಲ್ಲ. ಉತ್ತರಕ್ಕೆ ಬದಲಾಗಿ ನಾನು ದನಿ ಏರಿಸಿದೆ. ಒಳಗಿನಿಂದ ಶೈಲಾ ಬಂದಳು. ಬೆರಳಿನಲ್ಲಿ ಶಾಯಿ ಹತ್ತಿತ್ತು. ಯಾರದೋ ಅರ್ಜಿ ತುಂಬುತ್ತಿದ್ದಳು. “ನಾ ಬರದಿಲ್ರಿ ಅಂಕಲ್” ಎಂದಳು. ಅಷ್ಟೇ. ಅತ್ತಿದ್ದರೆ ನಂಬುತ್ತಿದ್ದೆನೋ ಏನೋ. ಅವಳು ಅಳಲಿಲ್ಲ. ಅಳದಿರುವುದನ್ನೇ ನಾನು ಸಾಕ್ಷಿಯೆಂದು ಹಿಡಿದೆ.

ಅಲ್ಲಿಂದ ಮುಂದೆ ಕಥೆಗೆ ಕಾಲು ಬಂತು. ಕಾಲು ಕೊಟ್ಟವನು ನಾನು. ಕಚೇರಿಯ ಕ್ಯಾಂಟೀನಿನಲ್ಲಿ, ಕನ್ನಡ ಸಂಘದ ಸಭೆಯಲ್ಲಿ, ಆಲುವದ ಪ್ಲಾಟ್‌ಫಾರ್ಮಿನಲ್ಲಿ ಹೇಳಿದೆ. ಹೆಸರು ಹೇಳುತ್ತಿರಲಿಲ್ಲ, ‘ಮೇಲಿನ ಮನೆ’ ಎನ್ನುತ್ತಿದ್ದೆ. ಈ ಸಂಯಮಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಒಂದು ತಿಂಗಳಿನಲ್ಲಿ ಮೇಲಿನ ಮನೆಯ ಊಟದ ಮೇಜಿಗೆ ಅರ್ಜಿಗಳು ಬರುವುದು ನಿಂತಿತು. ಪಕ್ಕದ ಬ್ಲಾಕಿನ ಒಬ್ಬ ತಾಯಿ, ಅರ್ಧ ತುಂಬಿದ್ದ ತನ್ನ ಮಗನ ಅರ್ಜಿಯನ್ನು ಹಿಂದಕ್ಕೆ ಕೇಳಿ ಒಯ್ದಳಂತೆ. ಮರುವರ್ಷ ಶೈಲಾಳಿಗೆ ಪರೀಕ್ಷೆಯ ಹಾಲ್ ಟಿಕೆಟ್ ಬಂದಿತ್ತು. ಅವಳು ಪರೀಕ್ಷೆಗೆ ಹೋಗಲಿಲ್ಲ. ಹೋಗದಿದ್ದದ್ದನ್ನೂ ನಾವು ತಪ್ಪೊಪ್ಪಿಗೆಯೆಂದು ಓದಿಕೊಂಡೆವು. ಅಂಗಡಿಯವರು ಸ್ವಯಂನಿವೃತ್ತಿ ಪಡೆದು, ಕ್ವಾರ್ಟರ್ಸ್ ಬಿಟ್ಟು, ಊರಿನ ಇನ್ನೊಂದು ತುದಿಯ ಬಾಡಿಗೆ ಮನೆಗೆ ಹೋದರು. ಲಾರಿಗೆ ಸಾಮಾನು ಏರಿಸುವ ದಿನ ನಾನು ರಜೆ ಹಾಕಿ ಸರೋಜಳೊಡನೆ ಗುರುವಾಯೂರಿಗೆ ಹೋಗಿದ್ದೆ. ಎರಡು ವರ್ಷದ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರೆಂದು ಕೇಳಿದೆ. ಹೋಗಬೇಕೆಂದುಕೊಂಡೆ. ಹೋಗಲಿಲ್ಲ.

ಮಾಹಿತಿ ಹಕ್ಕಿನ ಕಾಯ್ದೆ ಬಂದಾಗ ನಾನು ನಿವೃತ್ತನಾಗಿದ್ದೆ. ನನ್ನಂಥವನ ಕೈಗೆ ಸರ್ಕಾರ ಕೊಡಬಾರದಿದ್ದ ಆಟಿಕೆ ಅದು. ಬೀದಿದೀಪ ಯಾವಾಗ ಹಾಕಿದರು, ಕಾಲುವೆಯ ಹೂಳು ಯಾರು ತೆಗೆದರು ಎಂದೆಲ್ಲ ಅರ್ಜಿ ಬರೆದೆ. ಹಾಗೆ ಬರೆಯುತ್ತ ಒಂದು ದಿನ, ಶೈಲಾಳ ಮೂಗರ್ಜಿಯ ಪ್ರತಿಯನ್ನೂ ತರಿಸಬಹುದಲ್ಲ ಎಂದು ಹೊಳೆಯಿತು. ಸತ್ಯ ತಿಳಿಯಬೇಕೆಂದಲ್ಲ, ಅದು ನನಗೆ ತಿಳಿದೇ ಇತ್ತಲ್ಲ. ಅಂಗಡಿಯವರು ಕೇಳಿದ್ದ ಕಾಗದ ನನ್ನ ಕೈಯಲ್ಲಿರಬೇಕು ಎಂಬ ಹಟಕ್ಕೆ ಬರೆದೆ. ಕೇಳಿದವರು ಬದುಕಿರಲಿಲ್ಲ ಎಂಬುದು ಆ ಹಟಕ್ಕೆ ಅಡ್ಡಬರಲಿಲ್ಲ.

ಉತ್ತರ ಬಂತು: ಇಂಥ ದೂರು ಕಡತದಲ್ಲಿಲ್ಲ.

ಅಧಿಕಾರಿಗಳು ಮುಚ್ಚಿಡುತ್ತಿದ್ದಾರೆಂದು ನಾನು ಕಡತವನ್ನು ಖುದ್ದಾಗಿ ನೋಡಲು ಅನುಮತಿ ಕೇಳಿ ಬರೆದು, ತಿರುವನಂತಪುರಕ್ಕೆ ಹೋದೆ. ಗುಮಾಸ್ತೆ ಹೆಂಗಸೊಬ್ಬಳು ಕಡತವನ್ನು ಮೇಜಿನ ಮೇಲಿಟ್ಟಳು. ಹನ್ನೊಂದು ಹಾಳೆ. ಮೊದಲನೆಯದು ಒಂದು ಆದೇಶ: ಆ ವರ್ಷ ಕೇರಳೇತರ ಮೂಲದ ವರ್ಗದಲ್ಲಿ ಪ್ರವೇಶ ಪಡೆದ ಎಲ್ಲರ ವ್ಯಾಸಂಗದ ದಾಖಲೆಗಳನ್ನೂ ಪರಿಶೀಲಿಸತಕ್ಕದ್ದು. ನಂತರದ್ದು ಪಟ್ಟಿ. ತಮಿಳರು, ಗುಜರಾತಿಗಳು, ಒಬ್ಬ ಬಂಗಾಳಿ, ನಡುವೆ ವಾಣಿ. ಎಲ್ಲರ ಹೆಸರಿನ ಮುಂದೆಯೂ ಒಂದೇ ನಮೂನೆಯ ಪತ್ರದ ಸಂಖ್ಯೆ, ಒಂದೇ ಬಗೆಯ ಟಿಕ್. ಕೊನೆಯ ಹಾಳೆಯವರೆಗೆ ಹೋದೆ. ಮತ್ತೆ ಮೊದಲಿನಿಂದ ತಿರುವಿದೆ. ಮೂರನೆಯ ಸಲ ತಿರುವುವಾಗ ಆಕೆ ಕನಿಕರದಿಂದ, “ಇತ್ರಯೇ ಉಳ್ಳೂ ಸಾರೇ” ಎಂದಳು. ಇಷ್ಟೇ ಇರುವುದು.

ಎಂಟು ಮಾರಿಗೆ ತಳ ಸಿಕ್ಕಾಗ ಆಗಿದ್ದ ಸಂತೋಷ ಈಗ ಆಗಲಿಲ್ಲ.

ಆ ಸಂಜೆ ವಾಣಿಯನ್ನು ಹಾಸ್ಟೆಲಿನ ಹೊರಗೆ ಕರೆಸಿಕೊಂಡೆ. ಅವಳು ಆಗ ಹೌಸ್ ಸರ್ಜನ್, ನಿದ್ದೆಗೆಟ್ಟ ಕಣ್ಣು. ಪ್ರತಿಯನ್ನು ಕೈಗಿಟ್ಟೆ. ಅವಳು ಪೂರ್ತಿ ಓದಲಿಲ್ಲ.

“ಗೊತ್ತಿತ್ತು ಅಪ್ಪಾ.”

“ಯಾವಾಗಿನಿಂದ?”

“ಫಸ್ಟ್ ಇಯರಿಂದ. ನನ್ ರೂಮ್‌ಮೇಟ್ ತಮಿಳ್ ಹುಡುಗಿಗೂ ಸೇಮ್ ಲೆಟರ್ ಬಂದಿತ್ತು. ಫೋನಲ್ಲಿ ನಿಮಗೆ ಹೇಳಿದ್ನಲ್ಲ.”

“ನನಗೆ ಹೇಳಿದ್ಯಾ?”

“ಹೇಳ್ದೆ. ‘ಹಾಗಾದ್ರೆ ಅವಳ ಮೇಲೂ ಯಾರೋ ಅರ್ಜಿ ಹಾಕಿರ್ಬೇಕು’ ಅಂದ್ರಿ.”

ನನಗೆ ನೆನಪಿಲ್ಲ. ಆದರೆ ಆ ವಾಕ್ಯ ನನ್ನದೇ. ಅದರ ಮೇಲೆ ನನ್ನ ಸಹಿಯಿರುವಂತಿದೆ.

“ಆಮೇಲೆ ನೀನು ಯಾಕೆ ಸುಮ್ಮನಾದೆ?”

ಅವಳು ಪ್ರತಿಯನ್ನು ಮಡಚಿ ನನಗೆ ಹಿಂದಿರುಗಿಸಿದಳು. “ಅವಳ ಮುಖ ನೋಡೋಕೆ ಆಗ್ತಿರ್ಲಿಲ್ಲ ಅಪ್ಪಾ. ನಂಗೆ ಸಿಕ್ತು, ಅವಳಿಗೆ ಸಿಗ್ಲಿಲ್ಲ. ಅವಳು ಕೆಟ್ಟೋಳು ಅಂದ್ಕೊಂಡ್ರೆ ಈಸಿ ಆಗಿತ್ತು.” ಆಮೇಲೆ ಹೇಳಿದಳು: “ಈಗ ಇಲ್ಲಿ ಕನ್ನಡ ಮಾತಾಡೋಕೆ ನಂಗೆ ಯಾರೂ ಇಲ್ಲ.”

ಕೊಚ್ಚಿಗೆ ಮರಳಿ ಸರೋಜಳಿಗೆ ಹೇಳಿದೆ. “ಈಗ ಅದನ್ನ ಯಾಕೆ ಎತ್ತೋದು? ಅವರೂ ಮರ್ತಿರ್ತಾರೆ” ಎಂದಳು. ಅವರು ಮರೆತಿದ್ದಾರೆಯೇ ಎಂಬುದಕ್ಕೂ ಕಾಗದವಿರಲಿಲ್ಲ.

ಶೈಲಾ ಕಳಮಶ್ಶೇರಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದಾಳೆಂದು ಹಳೆಯ ಸಹೋದ್ಯೋಗಿಯೊಬ್ಬರಿಂದ ತಿಳಿಯಿತು. ಸುಮ್ಮನೆ ಹೋಗುವ ಧೈರ್ಯವಿಲ್ಲದೆ, ಸಕ್ಕರೆ ಪರೀಕ್ಷೆಯ ಚೀಟಿಯೊಂದನ್ನು ಬರೆಸಿಕೊಂಡು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸರದಿಯಲ್ಲಿ ಕುಳಿತೆ. ಒಳಗೆ ಕರೆದಳು. ಗುರುತು ಹಿಡಿದದ್ದು ಅವಳ ಕೈಯಲ್ಲಿ ಗೊತ್ತಾಯಿತು. ರಬ್ಬರ್ ಪಟ್ಟಿ ಕಟ್ಟುತ್ತಿದ್ದ ಬೆರಳು ಒಂದು ಕ್ಷಣ ನಿಂತಿತು.

“ಮುಷ್ಟಿ ಹಿಡೀರಿ.”

ಹಿಡಿದೆ. “ಶೈಲಾ, ಕಡತ ನೋಡಿ ಬಂದೆ. ಅದರಲ್ಲಿ ಅರ್ಜಿ ಇಲ್ಲ. ಯಾವತ್ತೂ ಇರಲಿಲ್ಲ.”

ಸೂಜಿ ಚುಚ್ಚಿತು. ನೋವಾಗಲಿಲ್ಲ, ಕೈ ಅಷ್ಟು ಹಗುರ. “ಮುಷ್ಟಿ ಬಿಡ್ರಿ” ಎಂದಳು. ರಕ್ತ ನಳಿಗೆಗೆ ಇಳಿಯುವುದನ್ನು ನೋಡುತ್ತಲೇ ಮಾತಾಡಿದಳು.

“ಹೊಟ್ಟಿಕಿಚ್ಚು ಇತ್ರಿ ಅಂಕಲ್. ಸುಳ್ಳ್ ಯಾಕ ಹೇಳ್ಲಿ. ನೀವು ಬೀರು ಮುಚ್ಚಿದಾಗೆಲ್ಲಾ ಆ ಕೋಟು ಹರದ ಹಾಕಬೇಕು ಅನಸ್ತಿತ್ತು. ಅರ್ಜಿ ಮಾತ್ರ ಬರದಿಲ್ಲ.”

“ಪ್ರತಿ ತಂದಿದ್ದೇನೆ. ನಿನಗೆ ಕೊಡಬೇಕೆಂದು.”

“ನನಗ್ಯಾಕ್ರಿ? ನಾ ಬರದಿಲ್ಲ ಅನ್ನೂದು ನನಗ ಗೊತ್ತೈತಿ. ಅಪ್ಪ ಇದ್ದಿದ್ರ ಅವರಿಗೆ ಕೊಡಬಹುದಿತ್ತು.” ಹತ್ತಿಯನ್ನು ಒತ್ತಿ, ನನ್ನ ಮೊಣಕೈ ಮಡಚಿದಳು. “ನೀವು ಯಾರ್ಯಾರಿಗೆ ಹೇಳೀರಿ, ಅವರಿಗೆ ಕೊಡ್ರಿ. ಐದು ನಿಮಿಷ ಹಿಂಗ ಹಿಡಕೊಂಡು ಕೂಡ್ರಿ. ರಿಪೋರ್ಟು ಮಧ್ಯಾಹ್ನ.” ಮುಂದಿನವರನ್ನು ಮಲಯಾಳದಲ್ಲಿ ಕರೆದಳು. ನಾನು ಕ್ಷಮೆ ಕೇಳಿದೆನೇ ಎಂದು ನೀವು ಕೇಳಬಹುದು. ಆ ಪದ ಬಾಯಿಗೆ ಬರುವುದರೊಳಗೆ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತಿದ್ದರು.

ಅವಳು ಹೇಳಿದಂತೆ ಮಾಡಲು ಹೊರಟೆ. ಆ ವರ್ಷದ ರಾಜ್ಯೋತ್ಸವದ ಸಭೆಯಲ್ಲಿ ನಿಂತು ಪ್ರತಿಯನ್ನು ಓದಿ, ಹಿಂದೆ ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೆ. ಕೆಳಗಿಳಿದು ಬಂದಾಗ, ಹಿಂದೆ ನನ್ನ ಬಾಯಿಂದಲೇ ಕಥೆ ಕೇಳಿದ್ದ ಗೆಳೆಯರೊಬ್ಬರು ಭುಜ ತಟ್ಟಿ, “ದೊಡ್ಡ ಮನಸ್ಸು ಸಾರ್ ನಿಮ್ದು. ಆ ಹುಡುಗೀನ ಕಾಪಾಡಿದ್ರಿ. ಅರ್ಜೀನ ಆಮೇಲೆ ಹರಿದು ಹಾಕಿರ್ತಾರೆ ಬಿಡಿ” ಎಂದರು. ಅದರ ಮುಂದಿನ ವರ್ಷವೇ ಆಲುವದ ಊಟ, ಕೆಂಪು ಶಾಯಿ.

ಹಾಗಾಗಿ ಇನ್ನು ಹೇಳುವುದನ್ನು ಬಿಟ್ಟಿದ್ದೇನೆ, ಬರೆದಿಡುತ್ತೇನೆ. ಆ ಕಡತದ ದೃಢೀಕೃತ ಪ್ರತಿಯನ್ನು ನಮ್ಮ ಕನ್ನಡ ಸಂಘದ ವಾಚನಾಲಯದ ಕಪಾಟಿನಲ್ಲಿ, ವಾರ್ಷಿಕ ವರದಿಗಳ ಪಕ್ಕದಲ್ಲಿ ಇಟ್ಟಿದ್ದೇನೆ. ಕಪಾಟಿಗೆ ಬೀಗವಿಲ್ಲ. ಹನ್ನೊಂದು ಹಾಳೆ, ಪ್ರತಿ ಹಾಳೆಯಲ್ಲೂ ಕಚೇರಿಯ ಮುದ್ರೆಯಿದೆ, ಪುಟದ ಸಂಖ್ಯೆಯಿದೆ, ನಡುವೆ ಯಾವ ಸಂಖ್ಯೆಯೂ ತಪ್ಪಿಲ್ಲ. ಮಲಯಾಳ ಓದಲು ಬಾರದವರು ಬೇರೆ ಯಾರಿಂದಲಾದರೂ ಓದಿಸಿಕೊಳ್ಳಬೇಕು. ನನ್ನಿಂದ ಬೇಡ.